ಕೊಸರಿಗೂ ಇನಾಮಿಗೂ ಇರುವ ಅಂತರ

(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ. ವಾರ್ಷಿಕ ಸಂಚಿಕೆಯ ಓದುಗರಿಗಾಗಿ ಬರೆದುಕೊಟ್ಟದ್ದು)



ಶಾಲೆಯ ವೇದಿಕೆಯಲ್ಲಿ ಮಕ್ಕಳ ಅಂಕಗಳ ಬಗ್ಗೆ, ಹಾಜರಾತಿಯ ಬಗ್ಗೆ ಮಾತನಾಡುವುದು ವಾಡಿಕೆ. ಈ ಸಲ ನಾನು ಹಣದ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದೂ ದೊಡ್ಡ ಹಣವಲ್ಲ. ಹತ್ತು, ಇಪ್ಪತ್ತು, ಮೂವತ್ತು ರೂಪಾಯಿಯ ಸಣ್ಣ ಹಣ. ನಮ್ಮ ಮೊಬೈಲಿನಿಂದ, ಬ್ಯಾಂಕಿನ ಖಾತೆಯಿಂದ, ಅಂಗಡಿಯ ಬಿಲ್ಲಿನಿಂದ ಸದ್ದಿಲ್ಲದೆ ಹೋಗುವ ಹಣ. ಅದು ಹೋಗುವುದು ಹೆಚ್ಚಾಗಿ ಬಹುಮಾನದ ಹೆಸರಿನಲ್ಲಿ. ನೀವು ನಮ್ಮ ಹಳೆಯ ಗ್ರಾಹಕರು, ನಿಮಗಾಗಿ ವಿಶೇಷ ಕೊಡುಗೆ ಎಂಬ ಮಾತಿನೊಂದಿಗೆ.

ನಮ್ಮ ನಾಲತವಾಡದ ಸಂತೆಯಿಂದಲೇ ಆರಂಭಿಸುತ್ತೇನೆ. ಕಾಯಿಪಲ್ಲೆ ಮಾರುವ ತಾಯಿ ಬದನೆಕಾಯಿ ತೂಗಿ ಚೀಲಕ್ಕೆ ಹಾಕಿದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿಯನ್ನೋ ನಾಲ್ಕು ಎಸಳು ಕೊತ್ತಂಬರಿಯನ್ನೋ ಮೇಲೆ ಹಾಕುತ್ತಾಳೆ. "ತಗೋ ಯಕ್ಕಾ, ನೀ ಖಾಯಂ ಗಿರಾಕಿ ಅದಿ" ಎನ್ನುತ್ತಾಳೆ. ಇದಕ್ಕೆ ನಾವು ಕೊಸರು ಎನ್ನುತ್ತೇವೆ. ಕೊಸರಿನ ಗುಣಗಳನ್ನು ಗಮನಿಸಿ. ಅದು ಕಣ್ಣಿಗೆ ಕಾಣುತ್ತದೆ. ಅಲ್ಲೇ, ಆಗಲೇ ಚೀಲಕ್ಕೆ ಬೀಳುತ್ತದೆ. ಅದಕ್ಕೆ ಷರತ್ತಿಲ್ಲ, ಅವಧಿಯಿಲ್ಲ. ಮುಂದಿನ ವಾರ ನೀವು ಬೇರೆ ಬುಟ್ಟಿಯ ಹತ್ತಿರ ಹೋದರೂ ಹೋದ ವಾರದ ಕೊಸರಿಗೆ ಆಕೆ ದುಡ್ಡು ಕೇಳುವುದಿಲ್ಲ.

ಇನ್ನೊಂದು ಮಾತು ಇನಾಮು. ಉರ್ದುವಿನಲ್ಲಿ ಇನಾಮ್ ಎಂದರೆ ಬಹುಮಾನ. ನಮ್ಮ ಭಾಗದ ಹಿರಿಯರಿಗೆ ಇನಾಮು ಎಂದೊಡನೆ ನೆನಪಾಗುವುದು ಇನಾಮು ಜಮೀನು. ಸೇವೆಗೆ ಪ್ರತಿಯಾಗಿ ಕೊಟ್ಟ ಭೂಮಿ ಅದು. ಅಂದರೆ ಇನಾಮಿನ ಹಿಂದೆ ಒಂದು ಕರಾರು ಇರುತ್ತಿತ್ತು. ಇಂದು ನಮ್ಮ ಕೈಯಲ್ಲಿರುವ ಫೋನಿಗೆ ದಿನಾಲೂ ಬರುವ ಇನಾಮುಗಳ ಹಿಂದೆಯೂ ಕರಾರು ಇದೆ. ಕೊಟ್ಟವರು ಅದನ್ನು ಬರೆದಿರುತ್ತಾರೆ, ಪಡೆದವರು ಓದಿರುವುದಿಲ್ಲ. ಕೊಸರು ಎಂದು ನಂಬಿಸಿ ಇನಾಮು ಕೊಡುವ ವ್ಯಾಪಾರವೇ ನನ್ನ ಇಂದಿನ ವಿಷಯ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. 2012ರಲ್ಲಿ ನಾನು ಬಿ.ಇಡಿ. ಓದುತ್ತಿದ್ದೆ. ಅಬ್ಬಾ ಹೊಲಿಗೆ ಕೆಲಸ ಮಾಡುತ್ತಿದ್ದರು. ಅವರ ಹತ್ತಿರ ಗುಂಡಿಯ ಸಣ್ಣ ಫೋನ್ ಇತ್ತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಹುಡುಗನ ಕಡೆ 50 ರೂಪಾಯಿ ಹಾಕಿಸಿದರೆ ಅವರಿಗೆ ಬಹಳ ದಿನ ಬರುತ್ತಿತ್ತು. ಒಮ್ಮೆ ಹಾಕಿಸಿದ ಎರಡನೆಯ ದಿನಕ್ಕೇ 30 ರೂಪಾಯಿ ಕಡಿಮೆಯಾಗಿತ್ತು. ಮರುತಿಂಗಳು ಮತ್ತೆ ಹಾಗೆಯೇ. ಮೂರನೆಯ ತಿಂಗಳು ಅಬ್ಬಾ ಅಂಗಡಿಗೆ ಹೋಗಿ ಆ ಹುಡುಗನನ್ನು ಹತ್ತು ಜನರ ಎದುರು ಬೈದುಬಿಟ್ಟರು.

"ಚಾಚಾ, ನಾ ಯಾಕ ನಿಮ್ಮ ರೊಕ್ಕ ತಿನ್ನಲಿ? 50 ಹಾಕೀನಿ, ಮೆಸೇಜ್ ನೋಡ್ರಿ" ಎಂದನಂತೆ ಹುಡುಗ.

"ಇಂಗ್ಲಿಷಿನ್ಯಾಗ ಅದ, ನನಗೇನ್ ತಿಳೀತದ?" ಎಂದು ಅಬ್ಬಾ ಸಿಟ್ಟಿನಿಂದ ಮನೆಗೆ ಬಂದರು. ಅಂದಿನಿಂದ ಆ ಅಂಗಡಿಯ ಕಡೆ ಹೋಗುವುದನ್ನೇ ಬಿಟ್ಟರು. ನಿಜ ಹೇಳುತ್ತೇನೆ, ನಾನೂ ಆ ಹುಡುಗನ ಮೇಲೆಯೇ ಸಂಶಯ ಪಟ್ಟೆ.

ರಜೆಗೆ ಊರಿಗೆ ಬಂದಾಗ ಅಬ್ಬಾನ ಫೋನಿನಲ್ಲಿದ್ದ ಸಂದೇಶಗಳನ್ನು ಒಂದೊಂದಾಗಿ ಓದಿದೆ. ಬಹಳ ವರ್ಷಗಳಿಂದ ನಮ್ಮ ಜೊತೆ ಇದ್ದೀರಿ, ನಿಮಗೆ ಹಾಡಿನ ಸೇವೆ ಉಚಿತ, ಒಪ್ಪಿಗೆಯಿದ್ದರೆ 1 ಒತ್ತಿರಿ ಎಂಬ ಅರ್ಥದ ಸಂದೇಶವಿತ್ತು. ಉಚಿತ ಎಂಬುದು ಮೊದಲ ಕೆಲವು ದಿನಗಳಿಗೆ ಮಾತ್ರ. ಆಮೇಲೆ ತಿಂಗಳಿಗೆ 30 ರೂಪಾಯಿ ತಾನಾಗಿಯೇ ಕಡಿತ. ಅಬ್ಬಾ ಯಾವಾಗ 1 ಒತ್ತಿದರೋ ಅವರಿಗೇ ನೆನಪಿಲ್ಲ. ಕರೆ ಮಾಡಿದವರಿಗೆ ಕೇಳುವ ಹಾಡು ಅದು. ಅಬ್ಬಾ ಆ ಹಾಡನ್ನು ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. "ಬೇಟಾ, ತಪ್ಪು ನಂದೇ" ಎಂದರು ಅಬ್ಬಾ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ರಿ ಚಾಚಾ, ಚಹಾ ಕುಡೀರಿ" ಎಂದ. ನಾವು ಕಳೆದುಕೊಂಡದ್ದು 90 ರೂಪಾಯಿ. ಆದರೆ ತಪ್ಪು ಮಾಡದ ಒಬ್ಬ ಹುಡುಗ ಹತ್ತು ಜನರ ಎದುರು ಕಳ್ಳ ಎನ್ನಿಸಿಕೊಂಡಿದ್ದ. ಆ ಲೆಕ್ಕವನ್ನು ರೂಪಾಯಿಯಲ್ಲಿ ಹೇಳಲಾಗುವುದಿಲ್ಲ. ಹಣ ಕಡಿದವರು ದೂರದಲ್ಲೆಲ್ಲೋ ಇರುತ್ತಾರೆ, ಮುಖ ಕಾಣುವುದಿಲ್ಲ. ಮುಖ ಕಾಣುವವನು ನಮ್ಮ ಓಣಿಯ ಹುಡುಗ. ಸಿಟ್ಟು ಅವನ ಮೇಲೆ ಬೀಳುತ್ತದೆ.

ಇದು ನಮ್ಮ ಮನೆಯೊಂದರ ಕಥೆಯಾಗಿರಲಿಲ್ಲ. ದೂರುಗಳು ಹೆಚ್ಚಾದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರ ಜುಲೈ ತಿಂಗಳಲ್ಲಿ ಇಂಥ ಸೇವೆಗಳಿಗೆ ಗ್ರಾಹಕರ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು ಮೊಬೈಲ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿತು. ಇತ್ತೀಚೆಗೆ ಇನ್ನೊಂದು ಸುಧಾರಣೆಯೂ ಆಯಿತು. ಇಂಟರ್ನೆಟ್ ಬಳಸದ ನಮ್ಮ ಹಿರಿಯರು ಕೂಡ ಇಂಟರ್ನೆಟ್ ಸೇರಿದ ರೀಚಾರ್ಜನ್ನೇ ಹಾಕಿಸಿಕೊಳ್ಳಬೇಕಾದ ಸ್ಥಿತಿ ಇತ್ತು. ಕೇವಲ ಮಾತು ಮತ್ತು ಎಸ್ಸೆಮ್ಮೆಸ್ ಇರುವ ರೀಚಾರ್ಜನ್ನೂ ಕಂಪನಿಗಳು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಮನೆಯಲ್ಲಿ ಗುಂಡಿಯ ಫೋನ್ ಬಳಸುವ ದಾದಾ, ದಾದಿ ಇದ್ದರೆ ಅಂಗಡಿಯಲ್ಲಿ ಈ ರೀಚಾರ್ಜನ್ನು ಹೆಸರು ಹಿಡಿದು ಕೇಳಿರಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಇನ್ನು ನಮ್ಮದೇ ರಾಜ್ಯದಲ್ಲಿ ನೆಲೆಯಿರುವ ಒಂದು ಕಂಪನಿಯ ಪ್ರಕರಣ ಕೇಳಿರಿ. ಬೆಂಗಳೂರಿನ ರ‍್ಯಾಪಿಡೊ ಕಂಪನಿ ಫೋನಿನ ಮೂಲಕ ಬೈಕು, ಆಟೊ ಒದಗಿಸುತ್ತದೆ. ಐದು ನಿಮಿಷದಲ್ಲಿ ಆಟೊ ಸಿಗುತ್ತದೆ, ಇಲ್ಲದಿದ್ದರೆ 50 ರೂಪಾಯಿ ಪಡೆಯಿರಿ ಎಂದು ಅದು ಜಾಹೀರಾತು ಕೊಟ್ಟಿತು. ಈ ಜಾಹೀರಾತು 120ಕ್ಕೂ ಹೆಚ್ಚು ನಗರಗಳಲ್ಲಿ, ಹಲವು ಭಾಷೆಗಳಲ್ಲಿ, ಸುಮಾರು ಒಂದೂವರೆ ವರ್ಷ ನಡೆಯಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಿಚಾರಣೆ ಮಾಡಿದಾಗ ಕಂಡದ್ದೇನು? ಆ 50 ರೂಪಾಯಿ ನಗದಲ್ಲ, ಕಂಪನಿಯ ನಾಣ್ಯ. ಅದೂ ಪೂರ್ತಿ 50 ಅಲ್ಲ, 50ರವರೆಗೆ. ಅದನ್ನು ಬಳಸಲು ಸಾಧ್ಯವಿದ್ದದ್ದು ಬೈಕ್ ಸವಾರಿಗೆ ಮಾತ್ರ, ಅದೂ ಏಳು ದಿನಗಳೊಳಗೆ. ಭರವಸೆ ಕೊಡುವವನು ಆಟೊ ಚಾಲಕನೇ ಹೊರತು ಕಂಪನಿಯಲ್ಲ ಎಂದು ಷರತ್ತಿನಲ್ಲಿ ಬರೆದಿತ್ತು. ಆ ಷರತ್ತು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು. 2025ರ ಆಗಸ್ಟಿನಲ್ಲಿ ಪ್ರಾಧಿಕಾರ 10 ಲಕ್ಷ ರೂಪಾಯಿ ದಂಡ ಹಾಕಿತು. 50 ರೂಪಾಯಿ ಸಿಗದ ಗ್ರಾಹಕರಿಗೆಲ್ಲ ಅದನ್ನು ಪೂರ್ತಿಯಾಗಿ ಕೊಡಬೇಕೆಂದೂ ಆದೇಶಿಸಿತು.

ಇಲ್ಲಿ ಯಾರೂ ಒಂದು ಸುಳ್ಳು ಸಂಖ್ಯೆ ಬರೆದಿರಲಿಲ್ಲ ಎಂಬುದನ್ನು ಗಮನಿಸಿರಿ. 50 ಎಂಬುದೂ ಇತ್ತು, ಷರತ್ತೂ ಇತ್ತು. ಒಂದು ದೊಡ್ಡದಾಗಿತ್ತು, ಇನ್ನೊಂದು ಚಿಕ್ಕದಾಗಿತ್ತು. ಮೋಸ ಇದ್ದದ್ದು ಅಕ್ಷರದ ಅಳತೆಯಲ್ಲಿ.

ಇದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ, ಬೆಂಗಳೂರಿನದೇ ಆದ ಓಲಾ ಕಂಪನಿಗೆ ಇದೇ ಪ್ರಾಧಿಕಾರ ಒಂದು ನಿರ್ದೇಶನ ಕೊಟ್ಟಿತ್ತು. ಹಣ ಮರಳಿಸಬೇಕಾದಾಗ ಕಂಪನಿ ಮುಂದಿನ ಪ್ರಯಾಣದ ಕೂಪನ್ ಕೊಡುತ್ತಿತ್ತು. ಕೂಪನ್ ಬೇಕೋ, ಬ್ಯಾಂಕ್ ಖಾತೆಗೆ ಹಣ ಬೇಕೋ ಎಂಬ ಆಯ್ಕೆ ಗ್ರಾಹಕನದ್ದಾಗಬೇಕು ಎಂದಿತು ಪ್ರಾಧಿಕಾರ. ನಮ್ಮ ಹಣವನ್ನೇ ನಮಗೆ ಉಡುಗೊರೆಯಂತೆ ಕೊಡುವುದು, ಅದನ್ನು ಖರ್ಚು ಮಾಡಲು ಮತ್ತೆ ಅವರ ಬಾಗಿಲಿಗೇ ಬರುವಂತೆ ಮಾಡುವುದು ಖಾಯಂ ಗಿರಾಕಿಯನ್ನು ಹುಟ್ಟಿಸುವ ಸುಲಭದ ದಾರಿ.

ಮದೀನಾ ಪೇಟೆಯ ಒಂದು ಘಟನೆಯನ್ನು ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಪ್ರವಾದಿಯವರು (ಸ) ಧಾನ್ಯದ ರಾಶಿಯೊಂದರ ಹತ್ತಿರ ನಿಂತು ಅದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ಕಾಳು ಒಳಗೆ ಒದ್ದೆಯಾಗಿತ್ತು, ಬೆರಳುಗಳಿಗೆ ತೇವ ಹತ್ತಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿದೆ.

ಇದನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ರ‍್ಯಾಪಿಡೊ ಪ್ರಕರಣ ಓದಿದಾಗ ಅದರ ಅರ್ಥ ಹೊಸದಾಗಿ ಹೊಳೆಯಿತು. ಒದ್ದೆ ಕಾಳು ಮಾರಬಾರದು ಎಂದು ಅಲ್ಲಿ ಹೇಳಿಲ್ಲ. ಮಳೆ ಬಂದರೆ ಕಾಳು ಒದ್ದೆಯಾಗುತ್ತದೆ, ಅದು ವ್ಯಾಪಾರಿಯ ತಪ್ಪಲ್ಲ. ತಪ್ಪು ಇರುವುದು ಒದ್ದೆಯನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲಿಟ್ಟದ್ದರಲ್ಲಿ. ಷರತ್ತು ಇರುವುದು ತಪ್ಪಲ್ಲ. ಶುಲ್ಕ ಇರುವುದೂ ತಪ್ಪಲ್ಲ. ಷರತ್ತನ್ನು ಸಣ್ಣ ಅಕ್ಷರದ ಕೆಳಗೆ ಹೂತಿಡುವುದು ತಪ್ಪು. ಕುರ್‌ಆನಿನ 83ನೆಯ ಸೂರಾದ ಹೆಸರೇ ಅಲ್ ಮುತಫ್ಫಿಫೀನ್, ಅಂದರೆ ಅಳತೆಯಲ್ಲಿ ವಂಚಿಸುವವರು. ಅಳತೆ ಎಂದರೆ ತಕ್ಕಡಿ, ಸೇರು ಮಾತ್ರವೇ? ಅಕ್ಷರದ ಅಳತೆಯೂ ಅಳತೆಯೇ ಅಲ್ಲವೆ?

ನಮ್ಮ ದೇಶದ ಕಾನೂನು ಕೂಡ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನ ಘೋಷಿಸುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬೆಲೆಯಲ್ಲಿಯೇ ಸೇರಿಸಿ ವಸೂಲು ಮಾಡಿದ ವಸ್ತುವನ್ನು ಉಚಿತ ಎಂದು ನಂಬಿಸುವುದೂ ಅಷ್ಟೇ. 2023ರ ನವೆಂಬರ್ 30ರಂದು ಕೇಂದ್ರ ಪ್ರಾಧಿಕಾರ ಇನ್ನೂ ಮುಂದೆ ಹೋಗಿ ಫೋನು, ಕಂಪ್ಯೂಟರಿನ ವ್ಯಾಪಾರದಲ್ಲಿ ನಡೆಯುವ 13 ಬಗೆಯ ಮರೆಮಾಚುವ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಅವುಗಳಲ್ಲಿ ನಾಲ್ಕನ್ನು ಪಾಲಕರು ನೆನಪಿಡಬೇಕು. ಇನ್ನು ಹತ್ತೇ ನಿಮಿಷ ಉಳಿದಿದೆ ಎಂದು ಸುಳ್ಳು ಅವಸರ ಹುಟ್ಟಿಸುವುದು ಒಂದು. ನಾವು ಕೇಳದ ವಸ್ತುವನ್ನೋ ದೇಣಿಗೆಯನ್ನೋ ಬಿಲ್ಲಿಗೆ ಸೇರಿಸುವುದು ಎರಡು. ಮೊದಲು ಕಡಿಮೆ ಬೆಲೆ ತೋರಿಸಿ ಹಣ ಕೊಡುವ ಹೊತ್ತಿಗೆ ಒಂದೊಂದೇ ಶುಲ್ಕ ಕೂಡಿಸುವುದು ಮೂರು. ಚಂದಾದಾರರಾಗುವುದು ಸುಲಭ ಮಾಡಿ ಬಿಡುವುದನ್ನು ಕಷ್ಟ ಮಾಡುವುದು ನಾಲ್ಕು.

ಅಂಗಡಿಯ ಚೀಲದ ವಿಷಯವೂ ಇದೇ ಬಗೆಯದು. ಬಿಗ್ ಬಜಾರ್ ಮಳಿಗೆಗಳಲ್ಲಿ ಸಾಮಾನು ಆರಿಸಿ ಹಣ ಕೊಡುವ ಜಾಗಕ್ಕೆ ಬಂದ ಮೇಲೆ ಚೀಲಕ್ಕೆ ಬೇರೆ ಹಣ ಕೇಳುತ್ತಿದ್ದರು. ಮೊದಲೇ ತಿಳಿಸದೆ ಹೀಗೆ ಕೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಕೆಲವೇ ರೂಪಾಯಿಯ ಚೀಲ. ಆದರೂ ಒಬ್ಬ ಗ್ರಾಹಕ ಕೇಳಿದ ಪ್ರಶ್ನೆ ದೆಹಲಿಯ ಆಯೋಗದವರೆಗೆ ಹೋಯಿತು. ಸಣ್ಣ ಹಣಕ್ಕೆ ಯಾರು ಕೇಳುತ್ತಾರೆ ಎಂಬ ಭರವಸೆಯ ಮೇಲೆಯೇ ಇಂಥ ವಸೂಲಿ ನಡೆಯುತ್ತದೆ.

ಈಗ ಬ್ಯಾಂಕಿನ ಖಾತೆಗೆ ಬರೋಣ. ಖಾತೆಯಲ್ಲಿ ಕನಿಷ್ಠ ಹಣ ಇಲ್ಲವೆಂದು ದಂಡ ಕಡಿಯುವ ಪದ್ಧತಿ ನಿಮಗೆ ಗೊತ್ತಿದೆ. ಭಾರತೀಯ ಸ್ಟೇಟ್ ಬ್ಯಾಂಕ್ 2017ರ ಏಪ್ರಿಲಿನಿಂದ ಈ ದಂಡವನ್ನು ಮತ್ತೆ ಜಾರಿಗೆ ತಂದಿತು. ಆ ವರ್ಷದ ಏಪ್ರಿಲಿನಿಂದ ನವೆಂಬರಿನವರೆಗೆ ಸಂಗ್ರಹವಾದ ದಂಡ ಸುಮಾರು 1,771 ಕೋಟಿ ರೂಪಾಯಿ. ಖಾತೆಯಲ್ಲಿ ಹಣ ಇಲ್ಲದವರು ಯಾರು? ಬಡವರು. ಹಣ ಇಲ್ಲ ಎಂಬ ಕಾರಣಕ್ಕೆ ಅವರಿಂದ ಹಣ ಪಡೆದದ್ದು! ಜನರ ಆಕ್ಷೇಪದ ನಂತರ 2020ರ ಮಾರ್ಚಿನಲ್ಲಿ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟಿತು. ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಕೂಡ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಇದನ್ನು ತೆಗೆದುಹಾಕಿತು. ಜನಧನ ಖಾತೆಗಳಿಗೆ ಕನಿಷ್ಠ ಹಣದ ನಿಯಮವೇ ಇಲ್ಲ. ದಂಡ ಇರುವ ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನ ಕಟ್ಟಳೆಯಿದೆ. ಮೊದಲು ಗ್ರಾಹಕರಿಗೆ ತಿಳಿಸಿ ಒಂದು ತಿಂಗಳ ಅವಕಾಶ ಕೊಡಬೇಕು, ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಮಕ್ಕಳ ಹೆಸರಿನಲ್ಲಿ ವಿದ್ಯಾರ್ಥಿವೇತನಕ್ಕಾಗಿ ಖಾತೆ ತೆರೆದವರು ಅದು ಯಾವ ಬಗೆಯ ಖಾತೆ ಎಂದು ಒಮ್ಮೆ ಕೇಳಿಕೊಳ್ಳಿರಿ.

ಆದರೆ ಕಡಿತವಾದದ್ದೆಲ್ಲ ಮೋಸವಲ್ಲ. ಇದನ್ನೂ ಹೇಳಲೇಬೇಕು. ಮೇ ಕೊನೆಯ ಹೊತ್ತಿಗೆ ನಿಮ್ಮ ಖಾತೆಯಿಂದ 436 ರೂಪಾಯಿ ಅಥವಾ 20 ರೂಪಾಯಿ ಕಡಿತವಾಗಿದ್ದರೆ ಅದು ಬಹುಶಃ ಸರಕಾರದ ವಿಮೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20. ಮೊದಲನೆಯದರಲ್ಲಿ ಯಾವುದೇ ಕಾರಣದಿಂದ ಮರಣವಾದರೆ, ಎರಡನೆಯದರಲ್ಲಿ ಅಪಘಾತದಿಂದ ಮರಣವಾದರೆ, ಮನೆಯವರಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಯಾವಾಗಲೋ ಒಂದು ಅರ್ಜಿಗೆ ಸಹಿ ಮಾಡಿ ಮರೆತವರು ನಮ್ಮಲ್ಲಿ ಬಹಳ. ನಮ್ಮ ಊರುಗಳಿಂದ ಗೋವಾಕ್ಕೆ, ಮಂಗಳೂರಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುವವರಿದ್ದಾರೆ. ಅಲ್ಲಾಹ್ ಎಲ್ಲರನ್ನೂ ಕಾಪಾಡಲಿ. ಒಂದು ವೇಳೆ ಅನಾಹುತವಾದರೆ, ಪಾಸ್‌ಬುಕ್ಕಿನ ಆ 20 ರೂಪಾಯಿಯ ಸಾಲನ್ನು ಓದದ ಮನೆಯವರಿಗೆ 2 ಲಕ್ಷ ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ಆದ್ದರಿಂದ ಪಾಸ್‌ಬುಕ್ ಓದುವುದು ಹಣ ಹೋಗದಂತೆ ನೋಡಿಕೊಳ್ಳಲು ಮಾತ್ರವಲ್ಲ, ಬರಬೇಕಾದದ್ದು ಬರಲೆಂದೂ ಹೌದು.

ಇದೇ ಮಾತು ಫೋನಿನ ಮೂಲಕ ಆಗುವ ಕಡಿತಕ್ಕೂ ಸಲ್ಲುತ್ತದೆ. ಮೊದಲ ತಿಂಗಳು 1 ರೂಪಾಯಿ ಎಂದು ಆಟದ, ಸಿನಿಮಾದ, ಪಾಠದ ಆ್ಯಪ್‌ಗಳು ಕರೆಯುತ್ತವೆ. ಆ 1 ರೂಪಾಯಿ ಕೊಡುವಾಗಲೇ ಮುಂದಿನ ತಿಂಗಳುಗಳ ಹಣ ತಾನಾಗಿ ಕಡಿಯಲು ನೀವು ಒಪ್ಪಿಗೆ ಕೊಟ್ಟಿರುತ್ತೀರಿ. ಇದಕ್ಕೆ ಆಟೊಪೇ ಎನ್ನುತ್ತಾರೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕು, ಬೇಡವೆಂದರೆ ರದ್ದು ಮಾಡಲು ಅವಕಾಶವಿರಬೇಕು. ನೀವು ಹಣ ಕಳಿಸುವ ಆ್ಯಪಿನಲ್ಲಿ ಆಟೊಪೇ ಎಂಬ ಜಾಗ ಹುಡುಕಿರಿ. ಅಲ್ಲಿರುವ ಪಟ್ಟಿಯನ್ನು ಮಕ್ಕಳ ಜೊತೆ ಕುಳಿತು ಓದಿರಿ. ಬೇಡವಾದದ್ದನ್ನು ಅಲ್ಲೇ ರದ್ದು ಮಾಡಬಹುದು.

ಇನ್ನೊಂದು ಬಗೆಯಿದೆ. ಅದರಲ್ಲಿ ಕಂಪನಿಯೇ ಇಲ್ಲ, ಬರೀ ಹೆಸರಿದೆ. ನಿಮ್ಮ ಬ್ಯಾಂಕಿನ ರಿವಾರ್ಡ್ ಪಾಯಿಂಟುಗಳು ಇಂದು ರಾತ್ರಿ ಮುಗಿಯುತ್ತವೆ, ಈ ಫೈಲ್ ಇಳಿಸಿಕೊಳ್ಳಿ ಎಂಬ ಸಂದೇಶ ವಾಟ್ಸಾಪಿನಲ್ಲಿ ಬರುತ್ತದೆ. ಸ್ಟೇಟ್ ಬ್ಯಾಂಕಿನ ಹೆಸರಿನಲ್ಲಿ ಹರಿದಾಡಿದ ಇಂಥ ಸಂದೇಶಗಳು ಸುಳ್ಳು ಎಂದು ಕೇಂದ್ರದ ವಾರ್ತಾ ಸಂಸ್ಥೆ ಪಿಐಬಿ 2024ರಲ್ಲಿ ಎಚ್ಚರಿಸಿತು. ಆ ಫೈಲ್ ಇಳಿಸಿಕೊಂಡರೆ ಫೋನಿನ ಹಿಡಿತ ವಂಚಕರ ಕೈಗೆ ಹೋಗುತ್ತದೆ. ಹಣ ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಬೇಕು. ನಾಳೆ ನೋಡೋಣ ಎನ್ನಬಾರದು.

ಕೊನೆಗೆ, ನಮ್ಮ ಸಮುದಾಯವನ್ನು ಬಹಳ ನೋಯಿಸಿದ ಒಂದು ಹೆಸರು ಹೇಳಲೇಬೇಕು. ಬೆಂಗಳೂರಿನ ಐಎಂಎ. ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂದು ಹೇಳಿ ತಿಂಗಳು ತಿಂಗಳೂ ಲಾಭ ಹಂಚಿತು. ಆ ಲಾಭವೇ ಹೊಸಬರನ್ನು ಕರೆಯಿತು. ಒಮ್ಮೆ ಪಡೆದವರು ಇನ್ನಷ್ಟು ಹಾಕಿದರು. 2019ರ ಜೂನ್ ತಿಂಗಳಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದಾಗ ಹತ್ತಾರು ಸಾವಿರ ಜನ, ವಿಧವೆಯರು, ನಿವೃತ್ತರು, ಮಗಳ ನಿಕಾಹ್‌ಗೆ ಕೂಡಿಟ್ಟವರು, ಕಚೇರಿಯ ಬಾಗಿಲ ಮುಂದೆ ನಿಂತರು. ಮರುತಿಂಗಳು ಆತನ ಬಂಧನವಾಯಿತು. ಆದರೆ ಕಳೆದ ವಿಶ್ವಾಸ ಬಂಧನದಿಂದ ಮರಳಿ ಬರುವುದಿಲ್ಲ. ಒದ್ದೆ ಕಾಳಿನ ಮೇಲೆ ಹರಡಿದ್ದು ಈ ಸಲ ಒಣ ಕಾಳಲ್ಲ, ದೀನಿನ ಮಾತುಗಳು. ಹಲಾಲ್ ಎಂಬ ಹಲಗೆ ಕಂಡ ಕೂಡಲೆ ಪ್ರಶ್ನೆ ನಿಲ್ಲಿಸಬಾರದು. ಅಲ್ಲಿಂದಲೇ ಪ್ರಶ್ನೆ ಆರಂಭವಾಗಬೇಕು. ಲಾಭ ಯಾವ ವ್ಯಾಪಾರದಿಂದ ಬರುತ್ತದೆ, ನಷ್ಟವಾದರೆ ಯಾರ ಪಾಲು?

ಹಾಗಾದರೆ ನಾವು ಏನು ಮಾಡಬೇಕು? ಯಾವುದೇ ಬಹುಮಾನ ಬಂದಾಗ ಐದು ಪ್ರಶ್ನೆ ಕೇಳಿರಿ. ಇದು ನಗದೋ, ಕೂಪನ್ನೋ? ಇದನ್ನು ಪಡೆಯಲು ನಾನು ಏನು ಕೊಡಬೇಕು? ಇದರ ಅವಧಿ ಎಷ್ಟು? ಅವಧಿ ಮುಗಿದ ಮೇಲೆ ನನ್ನಿಂದ ಏನು ಕಡಿತವಾಗುತ್ತದೆ? ಬೇಡವೆಂದರೆ ಬಿಡುವುದು ಹೇಗೆ? ಬಂಗಾರದ ಅಂಗಡಿಯ ತಿಂಗಳ ಸ್ಕೀಮಿಗೂ ಇದೇ ಐದು ಪ್ರಶ್ನೆ. ಹನ್ನೊಂದು ಕಂತು ನಿಮ್ಮದು, ಹನ್ನೆರಡನೆಯದು ನಮ್ಮದು ಎಂದಾಗ ಕೊನೆಯಲ್ಲಿ ಮಜೂರಿ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಏನು ಸಿಗುತ್ತದೆ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆಯಿರಿ.

ಅನ್ಯಾಯವಾದರೆ ಬಿಲ್ಲು, ಸಂದೇಶ, ಜಾಹೀರಾತಿನ ಕಾಗದ ಎತ್ತಿಡಿರಿ. ಮೊದಲು ಅಂಗಡಿಗೆ ಅಥವಾ ಕಂಪನಿಗೆ ದೂರು ಕೊಡಿರಿ. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಬ್ಯಾಂಕಿನ ವಿಷಯವಾದರೆ ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಿರಿ. ಆಮೇಲೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಬರೆಯಬಹುದು, ಮಾಹಿತಿಗೆ 14448. ಇದಾವುದರಿಂದಲೂ ಆಗದಿದ್ದರೆ ವಿಜಯಪುರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಘಟನೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿಯವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ವಕೀಲರೇ ಬೇಕೆಂಬ ನಿಯಮವಿಲ್ಲ. 30 ರೂಪಾಯಿಗೆ ಯಾರು ಓಡಾಡುತ್ತಾರೆ ಎನ್ನಬೇಡಿರಿ. ಎಲ್ಲರಿಗೂ ಓಡಾಡಲು ಆಗುವುದಿಲ್ಲ, ನಿಜ. ಆದರೆ ಒಂದು ಕರೆ ಮಾಡಲು ಆಗುತ್ತದೆ.

ನಮ್ಮಲ್ಲಿ ವ್ಯಾಪಾರಸ್ಥರೂ ಬಹಳ ಇದ್ದಾರೆ. ಅವರಿಗೆ ನನ್ನ ವಿನಂತಿ ಒಂದೇ. ದೊಡ್ಡ ಕಂಪನಿಗಳ ಜಾಹೀರಾತು ನೋಡಿ ಅವರಂತೆ ಮಾಡಬೇಡಿರಿ. ನಿಮ್ಮ ಹತ್ತಿರ ಅವರಲ್ಲಿ ಇಲ್ಲದ ಒಂದು ಬಂಡವಾಳವಿದೆ. ಗಿರಾಕಿಯ ತಂದೆಯ ಹೆಸರು ನಿಮಗೆ ಗೊತ್ತು, ನಿಮ್ಮ ತಂದೆಯ ಹೆಸರು ಗಿರಾಕಿಗೆ ಗೊತ್ತು. ಕೊಸರು ಕೊಡಿರಿ, ಸುಳ್ಳು ಇನಾಮು ಬೇಡ.

ಮಾತು ಮುಗಿಸುವ ಮುಂಚೆ ನಮ್ಮ ತರಗತಿಯ ಒಂದು ಪ್ರಸಂಗ. ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೆ. ಮನೆಯಲ್ಲಿರುವ ಜಾಹೀರಾತಿನ ಕಾಗದ ತರಬೇಕು, ಅದರಲ್ಲಿ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿರುವ ಸಾಲನ್ನು ಹುಡುಕಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆಯಬೇಕು. ಮಕ್ಕಳು ಬಟ್ಟೆ ಅಂಗಡಿಯ, ಮೊಬೈಲಿನ, ಬೈಕಿನ ಕಾಗದ ತಂದರು. ನಕ್ಷತ್ರದ ಗುರುತು ಎಲ್ಲಿದೆ, ಅದರ ಜೋಡಿ ನಕ್ಷತ್ರ ಕೆಳಗೆ ಎಲ್ಲಿ ಅಡಗಿದೆ ಎಂದು ಹುಡುಕುವುದು ಅವರಿಗೆ ಆಟವಾಯಿತು. ಎಂಟನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಒಂದು ಶಾಲೆಯ ಪ್ರವೇಶದ ಕರಪತ್ರ ತಂದಿದ್ದಳು. ಯಾವ ಶಾಲೆ ಎಂದು ಹೇಳುವುದಿಲ್ಲ. ಪ್ರವೇಶ ಉಚಿತ ಎಂದು ದೊಡ್ಡದಾಗಿ ಅಚ್ಚಾಗಿತ್ತು. "ಟೀಚರ್, ಇದರಾಗ ಸಣ್ಣ ಅಕ್ಷರನೇ ಇಲ್ರಿ. ಡ್ರೆಸ್ಸಿಂದು, ಬುಕ್ಕಿಂದು ರೊಕ್ಕ ಎಲ್ಲಿ ಬರದಾರ?" ಎಂದು ಕೇಳಿದಳು. ಆಕೆಯ ತಮ್ಮನನ್ನು ಅಲ್ಲಿ ಸೇರಿಸಿದ್ದರು. ಜೂನ್ ತಿಂಗಳಲ್ಲಿ ಆಕೆಯ ಅಮ್ಮಿ ಕಿವಿಯ ಒಡವೆ ಅಡವಿಟ್ಟಿದ್ದರಂತೆ.

ನನಗೆ ಉತ್ತರ ಹೊಳೆಯಲಿಲ್ಲ. ಮೊಬೈಲ್ ಕಂಪನಿಯನ್ನು ಟೀಕಿಸುವುದು ಸುಲಭ. ನಾವು ಶಾಲೆಯವರು ನಮ್ಮ ಕರಪತ್ರವನ್ನು ಅದೇ ಕಣ್ಣಿನಿಂದ ಓದಿದ್ದೇವೆಯೆ? ಪಾಲಕರಿಗಿಂತ ಖಾಯಂ ಗಿರಾಕಿ ನಮಗೆ ಯಾರಿದ್ದಾರೆ? ಅಣ್ಣನ ನಂತರ ತಂಗಿಯನ್ನು, ತಂಗಿಯ ನಂತರ ತಮ್ಮನನ್ನು ನಮ್ಮ ಕೈಗೆ ಒಪ್ಪಿಸುತ್ತಾರೆ. ಆದ್ದರಿಂದ ಈ ಸಭೆಯಲ್ಲಿ ಕುಳಿತ ಆಡಳಿತ ಮಂಡಳಿಯ ಹಿರಿಯರಲ್ಲಿ, ಇದನ್ನು ಓದುತ್ತಿರುವ ಎಲ್ಲ ಶಾಲೆಗಳ ಬಂಧುಗಳಲ್ಲಿ ನನ್ನ ಅರಿಕೆ. ಬರುವ ವರ್ಷದ ಪ್ರವೇಶದ ಕರಪತ್ರದಲ್ಲಿ ವರ್ಷವಿಡೀ ಪಾಲಕರು ಕೊಡಬೇಕಾದ ಪ್ರತಿಯೊಂದು ರೂಪಾಯಿಯನ್ನೂ ಬರೆಯೋಣ. ಉಚಿತ ಎಂಬ ಅಕ್ಷರದಷ್ಟೇ ದೊಡ್ಡದಾಗಿ ಬರೆಯೋಣ. ಕೆಲವರು ಅದನ್ನು ನೋಡಿ ಬರದೆ ಹೋಗಬಹುದು. ಬಂದವರು ಮಾತ್ರ ಜೂನ್ ತಿಂಗಳಲ್ಲಿ ಒಡವೆ ಬಿಚ್ಚಬೇಕಾಗುವುದಿಲ್ಲ.

ಒದ್ದೆ ಕಾಳು ಮೇಲಿರಲಿ. ಮೊದಲು ನಮ್ಮ ರಾಶಿಯಲ್ಲಿ.